ಮುರುಟಿದ ಎಲೆ



ಮನೆಯ ಮುಂದೆ ನಾಲ್ಕು ಹೂವಿನ ಗಿಡಗಳನ್ನು ಸಾಕಿಕೊಂಡಿರುವವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುವ ಸಣ್ಣ ಸಂಕಟವೊಂದನ್ನು ಕುರಿತು ಈ ಹೊತ್ತು ನಾವು ನಿಮ್ಮೊಡನೆ ಮಾತನಾಡಬೇಕೆಂದಿದ್ದೇವೆ. ಮೊನ್ನೆಯವರೆಗೂ ನೆಟ್ಟಗಿದ್ದ ದಾಸವಾಳದ ಕುಡಿ ಇಂದು ಮುದುಡಿಕೊಂಡಿರುತ್ತದೆ. ಗುಲಾಬಿಯ ಎಳೆಯ ಎಲೆ ಅಗಲವಾಗುವುದನ್ನು ಬಿಟ್ಟು ದಾರದಂತೆ ಸಪುರವಾಗಿ ತಿರುಚಿಕೊಂಡಿರುತ್ತದೆ. ನೋಡಬಂದವರು ಮೂವರಾದರೆ ಕಾರಣಗಳೂ ಮೂರು ಹೊರಡುತ್ತವೆ. ಒಬ್ಬರು ನೀರು ಸಾಲದೆಂದರೆ ಇನ್ನೊಬ್ಬರು ಹುಳು ಎನ್ನುತ್ತಾರೆ. ಮೂರನೆಯವರು ದನಿ ತಗ್ಗಿಸಿ, ಪಕ್ಕದ ಮನೆಯವರು ಕಳೆಗೆ ಔಷಧ ಹೊಡೆಸಿದ್ದಾರೆ, ಅದರ ಗಾಳಿ ತಗುಲಿದೆ ಎನ್ನುತ್ತಾರೆ. ಈ ಮೂರನೆಯ ಮಾತನ್ನು ನಂಬಿ ನಾವು ಒಮ್ಮೆ ಕೆಟ್ಟಿದ್ದೇವೆ. ಆ ಕಥೆಯಿಂದಲೇ ಪ್ರಾರಂಭಿಸುವುದು ನ್ಯಾಯವೆಂದು ತೋರುತ್ತದೆ.

2023ನೆಯ ಇಸವಿಯ ಮೇ ತಿಂಗಳು. ಮೈಸೂರಿನಲ್ಲಿ ನಮ್ಮ ಮನೆಯ ಪೂರ್ವಕ್ಕೆ ಒಂದು ಖಾಲಿ ನಿವೇಶನವಿದೆ. ಅದರ ಒಡೆಯರು ಎದುರು ಸಾಲಿನಲ್ಲಿಯೇ ವಾಸವಾಗಿರುವ ವೃದ್ಧರು. ಹಲವು ವರ್ಷಗಳಿಂದ ನಮಗೆ ಬೇಕಾದವರು. ಆ ಕಡೆಯ ಗೋಡೆಯುದ್ದಕ್ಕೂ ನಮ್ಮದೊಂದು ದಾಸವಾಳದ ಸಾಲು. ಮನೆಯ ಹಿಂಭಾಗದಲ್ಲಿ, ಎಂದರೆ ಪಶ್ಚಿಮಕ್ಕೆ, ಆರು ಗುಲಾಬಿ ಗಿಡಗಳು. ಮುಂಗಾರಿಗೆ ಮುಂಚಿನ ಮಳೆ ಎರಡು ಬಾರಿ ಬಿದ್ದು ನಿವೇಶನದಲ್ಲಿ ಕಾಂಗ್ರೆಸ್ ಗಿಡ ಎದೆಯುದ್ದ ಬೆಳೆದಿರಲಾಗಿ, ಒಡೆಯರು ಆಳೊಬ್ಬನನ್ನು ಕರೆಸಿ ಕಳೆನಾಶಕವನ್ನು ಸಿಂಪಡಿಸಿಸಿದರು. ಅದಾದ ಹತ್ತನೆಯ ದಿವಸ ನಮ್ಮ ದಾಸವಾಳದ ಕುಡಿಗಳೆಲ್ಲ ಮುರುಟಿಕೊಂಡಿರುವುದು ನಮ್ಮ ಕಣ್ಣಿಗೆ ಬಿದ್ದಿತು. ಹಿಂದೆ ಹೋಗಿ ನೋಡಿದರೆ ಗುಲಾಬಿಯೂ ಹಾಗೆಯೇ! ಇನ್ನು ವಿಚಾರಿಸುವುದೇನಿದೆ? ಚಪ್ಪಲಿ ಮೆಟ್ಟಿಕೊಂಡು ಹೋಗಿ ಆ ಹಿರಿಯರ ಮನೆಯ ಜಗುಲಿಯ ಮೇಲೆಯೇ ನಿಂತು ಆಡಬಾರದ ಮಾತನ್ನು ಆಡಿದೆವು. ಅವರು ಸಮಾಧಾನವಾಗಿ ಕೇಳಿದ್ದು ಒಂದೇ ಪ್ರಶ್ನೆ: “ಹಾಗಾದರೆ ಗೋಡೆಯ ಮೇಲೆ ಹಬ್ಬಿರುವ ನಿಮ್ಮ ತೊಂಡೆ ಬಳ್ಳಿಗೆ ಏನೂ ಆಗಲಿಲ್ಲವಲ್ಲ, ಅದು ಏಕೆ ಸ್ವಾಮಿ?” ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದವನಿಗೆ ಕೋಪ ಹೆಚ್ಚಾಗುವುದಷ್ಟೆ, ಹಾಗೆಯೇ ಆಯಿತು. ದಿನವೂ ಬೆಳಗ್ಗೆ ಪೂಜೆಯ ಹೂವಿಗೆಂದು ಬರುತ್ತಿದ್ದ ಅವರ ಮೊಮ್ಮಗಳು ಮರುದಿನದಿಂದ ಬರಲಿಲ್ಲ.

ಆ ಹಿರಿಯರ ಪ್ರಶ್ನೆ ಸಸ್ಯರೋಗವನ್ನು ನಿದಾನಿಸುವವನು ಕೇಳಿಕೊಳ್ಳಬೇಕಾದ ಮೊದಲನೆಯ ಪ್ರಶ್ನೆಯೆಂಬುದು ನಮಗೆ ತಿಳಿದದ್ದು ತಡವಾಗಿ. ಅದನ್ನು ವಿವರಿಸುವುದಕ್ಕೆ ಮುಂಚೆ ಎಲೆ ಮುರುಟುವುದೆಂದರೇನು ಎಂಬುದನ್ನು ಸ್ವಲ್ಪ ನೋಡೋಣ.

ಎಲೆಗೆ ಮೇಲ್ಮೈ ಒಂದು, ಕೆಳಮೈ ಒಂದು. ಎರಡೂ ಒಂದೇ ಸಮನಾಗಿ ಬೆಳೆದರೆ ಎಲೆ ಹರಡಿಕೊಂಡಿರುತ್ತದೆ. ಕೆಳಮೈ ಬೆಳೆದು ಮೇಲ್ಮೈ ಹಿಂದುಳಿದರೆ ಅಂಚು ಮೇಲಕ್ಕೆ ಮಡಿಚಿ ಎಲೆ ದೊನ್ನೆಯಂತಾಗುತ್ತದೆ. ಮೇಲ್ಮೈ ಮುಂದಾದರೆ ಕೆಳಕ್ಕೆ ಬಾಗುತ್ತದೆ. ನರಗಳ ನಡುವಣ ಭಾಗ ಬೆಳೆಯದೆ ನರಗಳು ಮಾತ್ರ ಬೆಳೆದರೆ ಸಪುರವಾದ ಪಟ್ಟಿಯಾಗುತ್ತದೆ. ಹೀಗೆ ಬೆಳವಣಿಗೆಯ ಸಮತೂಕ ತಪ್ಪಿಸುವುದು ಯಾವುದಾದರೂ ಆಗಬಹುದು: ರಸ ಹೀರುವ ಕೀಟ, ವೈರಸ್, ವಿಷ. ಗಿಡಕ್ಕೆ ಬರುವ ಬೇನೆಗಳು ಹಲವು. ಅದು ತೋರಿಸಬಲ್ಲ ಚಿಹ್ನೆಗಳು ಕೆಲವೇ. ಆದಕಾರಣ ಒಂದು ಎಲೆಯನ್ನು ಕಿತ್ತು ಕೈಯಲ್ಲಿ ಹಿಡಿದು, ಇದು ಇಂಥದ್ದೇ ರೋಗವೆಂದು ಹೇಳುವವರನ್ನು ನಂಬುವುದು ಕಷ್ಟ.

ಆದರೆ ಈ ಚಿಹ್ನೆಯಲ್ಲಿ ಒಂದು ಉಪಕಾರವುಂಟು. ಬಲಿತ ಎಲೆ ಬಾಡಬಹುದು, ಹಳದಿಯಾಗಬಹುದು, ಸುಟ್ಟಂತೆ ಕಪ್ಪಾಗಬಹುದು. ಹೊಸದಾಗಿ ಆಕಾರಗೆಡುವುದು ಮಾತ್ರ ಅಪೂರ್ವ. ಆಕಾರ ಕೆಡುವುದು ಮೊಗ್ಗಿನಲ್ಲಿ, ಇಲ್ಲವೆ ಹಸುಳೆಯಾಗಿರುವಾಗ. ಆದುದರಿಂದ ರೆಂಬೆಯೊಂದನ್ನು ಬುಡದಿಂದ ತುದಿಯವರೆಗೆ ನೋಡುತ್ತ ಹೋದರೆ ಅದು ದಿನಚರಿಯ ಪುಸ್ತಕದಂತಿರುತ್ತದೆ. ಕೆಳಗಿನ ಎಲೆಗಳು ಸರಿಯಾಗಿವೆ; ಇಲ್ಲಿಂದ ಮೇಲಕ್ಕೆ ಕೆಟ್ಟಿವೆ; ತುದಿಯಲ್ಲಿ ಮತ್ತೆ ಸರಿಯಾದ ಎಲೆ ಬರುತ್ತಿದೆ ಎಂದರೆ ಪೆಟ್ಟು ಒಮ್ಮೆ ಬಿದ್ದು ನಿಂತುಹೋಯಿತೆಂದು ಅರ್ಥ. ತುದಿಯವರೆಗೂ ಒಂದೇ ಸಮನೆ ಕೆಡುತ್ತ ಹೋಗಿದ್ದರೆ ಕಾರಣ ಇನ್ನೂ ಅಲ್ಲಿಯೇ ಕುಳಿತಿರುವ ಸಂಭವ ಹೆಚ್ಚು. ಕೀಟಗಳ ಹಾವಳಿ ಸಾಮಾನ್ಯವಾಗಿ ಎರಡನೆಯ ಬಗೆಯದು. ಗಾಳಿಯಲ್ಲಿ ತೇಲಿಬಂದ ಕಳೆನಾಶಕದ ಪೆಟ್ಟು ಬಹುಮಟ್ಟಿಗೆ ಮೊದಲನೆಯದು.

ನೀರಿನ ಕೊರತೆಯಿಂದ ಎಲೆ ಸುರುಳಿಯಾಗುವುದು ಇವೆರಡಕ್ಕೂ ಸೇರಿದ್ದಲ್ಲ. ಬಿಸಿಲಿನಲ್ಲಿ ಸುರುಳಿಕೊಂಡದ್ದು ಸಂಜೆ ನೀರೆರೆದರೆ ಬೆಳಗಾಗುವುದರೊಳಗೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳದಿದ್ದರೆ ಮುಂದಿನ ವಿಚಾರ.

ಇನ್ನು ಆ ಹಿರಿಯರ ಪ್ರಶ್ನೆಗೆ ಬರೋಣ. ಕೀಟಕ್ಕೆ ರುಚಿಯುಂಟು, ವೈರಸ್ಸಿಗೂ ಉಂಟು. ಇಂಥ ಗಿಡ ಬೇಕು, ಇಂಥದು ಬೇಡ ಎಂಬ ಆಯ್ಕೆಯುಂಟು. ಗಾಳಿಯಲ್ಲಿ ಬಂದ ವಿಷಕ್ಕೆ ಅಂಥ ಭೇದ ಬಹಳ ಕಡಮೆ. ಅದು ದಾಸವಾಳದ ಮೇಲೆಯೂ ಬೀಳುತ್ತದೆ, ಅದರ ಬುಡದಲ್ಲಿರುವ ಕಳೆಯ ಮೇಲೆಯೂ ಬೀಳುತ್ತದೆ, ನಡುವೆ ಇರುವ ಟೊಮ್ಯಾಟೊ, ಹುರುಳಿಕಾಯಿ, ಕುಂಬಳ, ತೊಂಡೆಗಳ ಮೇಲೆಯೂ ಬೀಳುತ್ತದೆ. ಹಾಗೆ ಬಿದ್ದಲ್ಲಿ ಸಿಂಪಡಿಸಿದ ಕಡೆಗೆ ಪೆಟ್ಟು ಹೆಚ್ಚಾಗಿ, ದೂರ ಹೋದಂತೆ ಇಳಿಯುತ್ತ ಬರಬೇಕು. ಆದುದರಿಂದ ರೋಗಿಯನ್ನು ನೋಡುವುದಕ್ಕೆ ಮುಂಚೆ ಅದರ ನೆರೆಹೊರೆಯನ್ನು ನೋಡತಕ್ಕದ್ದು. ಬೇರೆ ಬೇರೆ ಜಾತಿಯ ನಾಲ್ಕೈದು ಗಿಡಗಳು ಒಂದೇ ವಾರದಲ್ಲಿ, ಒಂದೇ ಪಕ್ಕದಲ್ಲಿ, ಒಂದೇ ರೀತಿಯಾಗಿ ಕೆಟ್ಟಿದ್ದರೆ ವಿಷದ ಅನುಮಾನಕ್ಕೆ ಎಡೆಯುಂಟು. ದಾಸವಾಳವೊಂದೇ ಕೆಟ್ಟು, ಪಕ್ಕದ ನಂದಿಬಟ್ಟಲೂ ಕೇಪಳವೂ ಗೋಡೆಯ ತೊಂಡೆಯೂ ನಗುತ್ತಿದ್ದರೆ ಭೂತಗನ್ನಡಿಯನ್ನು ತೆಗೆದುಕೊಂಡು ಎಲೆಯ ಹಿಂಬದಿಯನ್ನು ನೋಡಬೇಕು.

ಭೂತಗನ್ನಡಿಯಲ್ಲಿ ಏನು ಕಾಣುತ್ತದೆ? ಮೆಣಸಿನಗಿಡ ಬೆಳೆಯುವ ನಮ್ಮ ರೈತರು ಇದನ್ನು ಚೆನ್ನಾಗಿ ಬಲ್ಲರು. ಅವರು ಮುಟುರು ರೋಗವೆಂದು ಕರೆಯುವುದರಲ್ಲಿ ಎರಡು ಬಗೆಯ ಕ್ಷುದ್ರಜೀವಿಗಳ ಕೈವಾಡವಿದೆ. ಥ್ರಿಪ್ಸ್ ಎಂಬ ಕೀಟ ಹೀರಿದರೆ ಎಲೆಯ ಅಂಚು ಮೇಲಕ್ಕೆ ಮಡಿಚುತ್ತದೆ; ನುಸಿ ಹೀರಿದರೆ ಎಲೆ ಮಗುಚಿದ ದೋಣಿಯಂತೆ ಕೆಳಕ್ಕೆ ಬಾಗುತ್ತದೆ. ಹೂದೋಟದ ಅನೇಕ ಪೊದೆಗಳಿಗೂ ಇವೇ ಅಥವಾ ಇವುಗಳ ಬಂಧುಗಳೇ ಬರುತ್ತವೆ. ಬೇಲಿಗೆಂದು ಈಗ ಎಲ್ಲೆಲ್ಲಿಯೂ ನೆಡುವ ಫೈಕಸ್ ಗಿಡದ ಎಲೆ ನಡುನರದ ಗುಂಟ ಮಡಿಚಿ ಕಡುಬಿನಂತಾಗಿ, ಮೈಮೇಲೆ ಕೆಂಗಂದು ಚುಕ್ಕೆಗಳಿದ್ದರೆ, ಅದನ್ನು ಬಿಡಿಸಿ ನೋಡಿರಿ. ಕರಿಯ ಬಣ್ಣದ ಥ್ರಿಪ್ಸ್ ಸಂಸಾರಸಮೇತವಾಗಿ ಒಳಗೆ ವಾಸವಾಗಿರುತ್ತದೆ. ಗುಲಾಬಿಯ ಕುಡಿಯಲ್ಲಿ ಸಸ್ಯಹೇನು ಕಣ್ಣಿಗೇ ಕಾಣುತ್ತದೆ. ದಾಸವಾಳದ ಎಲೆ ಮುರುಟಿರುವುದಲ್ಲದೆ ನರಗಳು ದಪ್ಪವಾಗಿ, ಹಿಂಬದಿಯಲ್ಲಿ ಪುಟ್ಟ ಎಲೆಗಳಂಥ ಪೊರೆಗಳು ಎದ್ದಿದ್ದರೆ ಅದು ಬಿಳಿನೊಣ ಹೊತ್ತು ತರುವ ವೈರಸ್. ಹತ್ತಿಯ ಎಲೆಯನ್ನು ಮುರುಟಿಸುವ ವೈರಸ್ಸುಗಳಿಗೆ ದಾಸವಾಳವೂ ಒಂದು ಆಶ್ರಯ. ಅದಕ್ಕೆ ಯಾವ ಔಷಧವೂ ಇಲ್ಲ.

ದಾಸವಾಳದ ಬಹು ದೊಡ್ಡ ಶತ್ರುವೆಂದರೆ ಹಿಟ್ಟು ತಿಗಣೆ. ಅದರ ಜೊಲ್ಲಿನಲ್ಲಿಯೇ ಗಿಡಕ್ಕೆ ವಿಷವಾಗುವ ಅಂಶವಿರುವುದರಿಂದ ಅದು ಕುಳಿತ ಕುಡಿ ಗಿಡ್ಡವಾಗಿ, ಎಲೆಗಳು ಒಂದರ ಮೇಲೊಂದು ಗುಂಪುಗೂಡಿ, ಹೂಕೋಸಿನಂತೆ ಮುದ್ದೆಯಾಗುತ್ತದೆ. ತಿಗಣೆಯಾದರೋ ಆ ಮುದ್ದೆಯ ಒಳಗೆ ಬಿಳಿಯ ಹಿಟ್ಟಿನ ಹೊದಿಕೆ ಹೊದ್ದು ಅಡಗಿರುತ್ತದೆ. ಹೊರಗಿನಿಂದ ನೋಡಿದವರಿಗೆ ಎಲೆ ಕಾಣುತ್ತದೆಯೇ ಹೊರತು ತಿಗಣೆ ಕಾಣುವುದಿಲ್ಲ. ಗುರುತು ಹಿಡಿಯಲು ಸುಲಭವಾದ ಉಪಾಯವೊಂದಿದೆ: ಕಾಂಡದ ಮೇಲೆ ಇರುವೆಗಳ ಸಾಲು ಹೋಗುತ್ತಿದೆಯೇ ನೋಡುವುದು. ತಿಗಣೆ ಸುರಿಸುವ ಸಿಹಿರಸಕ್ಕಾಗಿ ಇರುವೆ ಬರುತ್ತದೆ.

ಈಗ ಕಳೆನಾಶಕಗಳ ವಿಷಯ. ಇವೆಲ್ಲವೂ ಎಲೆಯನ್ನು ಮುರುಟಿಸುವುದಿಲ್ಲ. ಪ್ಯಾರಾಕ್ವಾಟ್ ಎಂಬುದು ತಗುಲಿದಲ್ಲಿ ಒಂದೆರಡು ದಿನಗಳಲ್ಲಿಯೇ ಸುಟ್ಟ ಚುಕ್ಕೆ ಬೀಳುತ್ತದೆ. ತಗುಲದ ಕಡೆ ಏನೂ ಇಲ್ಲ. ಗ್ಲೈಫೋಸೇಟ್ ನಿಧಾನಸ್ವಭಾವದ್ದು, ಹಸಿರು ಕಾಂಡದ ಮೂಲಕವೂ ಒಳಗಿಳಿದು, ಕಳೆಯನ್ನು ವಾರ ಹತ್ತು ದಿನಗಳಲ್ಲಿ ಹಳದಿ ಮಾಡಿ ಕೊಲ್ಲುತ್ತದೆ. ಪೊದೆಗೆ ಅದು ಸ್ವಲ್ಪವೇ ತಗುಲಿದ್ದರೆ ಆಗ ಏನೂ ಕಾಣದೆ, ಮುಂದಿನ ಚಿಗುರಿನಲ್ಲಿ ಸೂಜಿಯಂಥ ಸಣ್ಣ ಎಲೆಗಳು ಪೊರಕೆಯಂತೆ ಒತ್ತಾಗಿ ಹೊರಡುವುದುಂಟು. 2022ರಲ್ಲಿ ಭಾರತ ಸರ್ಕಾರದವರು, ಕೀಟನಿಯಂತ್ರಣದ ವೃತ್ತಿಯವರ ಹೊರತು ಬೇರೆಯವರು ಇದನ್ನು ಬಳಸಕೂಡದೆಂದು ಆಜ್ಞೆ ಹೊರಡಿಸಿದರು. ಆಜ್ಞೆ ಕಾಗದದ ಮೇಲಿತ್ತು. ಡಬ್ಬ ನಮ್ಮ ಪಕ್ಕದ ನಿವೇಶನದಲ್ಲಿ ಬಿದ್ದಿತ್ತು.

ಎಲೆಯನ್ನು ನಿಜವಾಗಿ ತಿರುಚುವವು 2,4-ಡಿ ಮತ್ತು ಅದರ ಬಳಗದವು. ಇವುಗಳ ಮೂಲ ಬಹು ಸ್ವಾರಸ್ಯವಾದದ್ದು. ಮೊಳಕೆ ಬೆಳಕಿನ ಕಡೆಗೆ ಏಕೆ ಬಾಗುತ್ತದೆಂಬುದನ್ನು ಡಾರ್ವಿನ್ ಮಹಾಶಯನು ಮಗನೊಡನೆ ಪರೀಕ್ಷಿಸಿ 1880ರಲ್ಲಿ ಬರೆದನು. ತುದಿಯಿಂದ ಇಳಿಯುವ ಯಾವುದೋ ಪ್ರಭಾವ ಅದಕ್ಕೆ ಕಾರಣವೆಂದು ಅವನ ಊಹೆ. ಅದು ಒಂದು ವಸ್ತುವೆಂಬುದನ್ನು ಹಾಲೆಂಡಿನ ವೆಂಟ್ ಎಂಬ ತರುಣನು 1928ರಲ್ಲಿ ಓಟ್ಸ್ ಮೊಳಕೆಗಳಿಂದ ತೋರಿಸಿದನು. ಆಕ್ಸಿನ್ ಎಂಬುದು ಅದರ ಹೆಸರು. ಗಿಡದ ಬೆಳವಣಿಗೆಯನ್ನು ಆಳುವ ಈ ರಸವನ್ನು ಹೋಲುವ ಕೃತಕ ವಸ್ತುಗಳನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡ್ ಅಮೆರಿಕಗಳಲ್ಲಿ ಗುಟ್ಟಾಗಿ ಶೋಧಿಸಿದರು. ಯುದ್ಧ ಮುಗಿಯುತ್ತಲೇ 2,4-ಡಿ ಅಂಗಡಿಗೆ ಬಂದಿತು. ಗಿಡ ಅದನ್ನು ತನ್ನದೇ ರಸವೆಂದು ಭ್ರಮಿಸಿ ಬೆಳೆಯತೊಡಗುತ್ತದೆ. ನಿಲ್ಲಿಸುವುದು ಅದಕ್ಕೆ ತಿಳಿಯುವುದಿಲ್ಲ. ತೊಟ್ಟು ಕೆಳಕ್ಕೆ ಬಾಗಿ, ಕಾಂಡ ತಿರುಚಿ, ಎಲೆ ಬಟ್ಟಲಾಗಿ ಅಥವಾ ಪಟ್ಟಿಯಾಗಿ, ಬೀಸಣಿಗೆಯಂತೆ ಹರಡಬೇಕಾದ ನರಗಳು ಒತ್ತೊತ್ತಾಗಿ ಸಾಲುಗಟ್ಟುತ್ತವೆ. ಹುಲ್ಲಿನ ಜಾತಿಗೆ ಇದರಿಂದ ಅಷ್ಟು ಬಾಧೆಯಿಲ್ಲ. ಅದರಿಂದಲೇ ಕಬ್ಬು, ಜೋಳ, ಭತ್ತಗಳಲ್ಲಿ ಅಗಲ ಎಲೆಯ ಕಳೆಗೂ, ಪಟ್ಟಣಗಳಲ್ಲಿ ಹುಲ್ಲುಹಾಸಿಗೂ ಇದನ್ನು ಬಳಸುತ್ತಾರೆ. ದ್ರಾಕ್ಷಿ, ಹತ್ತಿ, ಟೊಮ್ಯಾಟೊಗಳಿಗಾದರೋ ಇದರ ಲೇಶಮಾತ್ರ ಸಾಕು.

ಇದು ಬರುವ ದಾರಿಗಳೂ ವಿಚಿತ್ರ. ಗಾಳಿ ಬೀಸುವಾಗ ಹನಿಗಳು ತೇಲಿಬರುವುದನ್ನು ಎಲ್ಲರೂ ಊಹಿಸಬಲ್ಲರು. ಎಸ್ಟರ್ ಎಂಬ ರೂಪದಲ್ಲಿದ್ದರೆ ಸಿಂಪಡಿಸಿ ಮುಗಿದ ಮೇಲೆಯೂ ಬಿಸಿಲಿಗೆ ಆವಿಯಾಗಿ ಎದ್ದು ಹೋಗುತ್ತದೆ. ಇನ್ನೊಂದು ದಾರಿ ಗೊಬ್ಬರದ್ದು. 2008ರಲ್ಲಿ ಬ್ರಿಟನ್ನಿನ ಮನೆತೋಟಗಳಲ್ಲಿ ಟೊಮ್ಯಾಟೊ, ಹುರುಳಿ, ಆಲೂಗೆಡ್ಡೆಗಳೆಲ್ಲ ಒಂದೇ ಸಮನೆ ಮುರುಟಿಕೊಂಡವು. ಯಾರೂ ಏನನ್ನೂ ಸಿಂಪಡಿಸಿರಲಿಲ್ಲ. ವಿಚಾರಿಸಲಾಗಿ, ಹುಲ್ಲುಗಾವಲಿಗೆ ಹಾಕಿದ್ದ ಅಮಿನೊಪಿರಾಲಿಡ್ ಎಂಬ ಕಳೆನಾಶಕವು ಹುಲ್ಲಿನೊಡನೆ ದನದ ಹೊಟ್ಟೆಗೆ ಹೋಗಿ, ಅಲ್ಲಿ ಜೀರ್ಣವಾಗದೆ ಸಗಣಿಯಲ್ಲಿ ಇಳಿದು, ಗೊಬ್ಬರದ ಮೂಲಕ ತೋಟಕ್ಕೆ ಬಂದಿದ್ದುದು ಬಯಲಾಯಿತು. ಸರ್ಕಾರ ಅದರ ಮಾರಾಟವನ್ನು ಆಗ ತಡೆಹಿಡಿಯಿತು. ಬೇರಿನ ದಾರಿಯೂ ಉಂಟು. ಅಮೆರಿಕದಲ್ಲಿ ಡ್ಯೂಪಾಂಟ್ ಕಂಪನಿಯವರು ಹುಲ್ಲುಹಾಸಿಗೆಂದು ಇಂಪ್ರೆಲಿಸ್ ಎಂಬ ಹೊಸ ಔಷಧವನ್ನು ತಂದರು. 2011ರ ಬೇಸಗೆಯಲ್ಲಿ ಹುಲ್ಲಿನ ನಡುವಿದ್ದ ಸ್ಪ್ರೂಸ್, ಪೈನ್ ಮರಗಳ ತುದಿಗಳು ತಿರುಚಿಕೊಂಡು ಒಣಗತೊಡಗಿ, ಆಗಸ್ಟಿನಲ್ಲಿ ಅಲ್ಲಿಯ ಪರಿಸರ ಸಂರಕ್ಷಣಾ ಇಲಾಖೆಯವರು ಅದರ ಮಾರಾಟವನ್ನು ನಿಲ್ಲಿಸಿದರು. ಕೊಂಡವರು ತಮ್ಮ ಹುಲ್ಲನ್ನು ಕಾಪಾಡಿಕೊಳ್ಳಹೋಗಿ ತಮ್ಮ ಮರವನ್ನು ತಾವೇ ಕೊಂದಿದ್ದರು.

ಉಳಿದ ಒಂದು ದಾರಿಯನ್ನು ನಮ್ಮ ಕಥೆಯೇ ತಿಳಿಸುತ್ತದೆ.

ಜಗಳವಾಡಿ ಬಂದ ಮೇಲೆ ತೊಂಡೆ ಬಳ್ಳಿಯ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ದಾಸವಾಳದ ಮುದ್ದೆಯೊಂದನ್ನು ಕತ್ತರಿಸಿ ಬಿಡಿಸಿದೆವು. ಒಳಗೆ ಹಿಟ್ಟು ತಿಗಣೆ. ಕಾಂಡದ ಮೇಲೆ ಇರುವೆಯ ಸಾಲೂ ಇತ್ತು. ಅದನ್ನು ನಾವು ದಿನವೂ ನೋಡುತ್ತಲೇ ಇದ್ದೆವು! ಆದರೂ ಮನಸ್ಸು ಒಪ್ಪದೆ, ಆರೋಗ್ಯವಾಗಿದ್ದ ಒಂದು ಕುಡಿಗೆ ದಾರ ಕಟ್ಟಿ ಕಾದೆವು. ವಾರದಲ್ಲಿ ಬಂದದ್ದು ಎರಡೇ ಎಲೆ. ಕೆಟ್ಟ ಕುಡಿಗಳಲ್ಲಿ ಎಂಟೆಂಟು ಎಲೆಗಳು ಮುರುಟಿದ್ದವು. ಎಂದ ಮೇಲೆ ರೋಗ ಹತ್ತಿ ತಿಂಗಳಾದರೂ ಆಗಿರಬೇಕು. ಆಳು ಸಿಂಪಡಿಸಿದ್ದು ನಾವು ನೋಡುವುದಕ್ಕೆ ಹತ್ತು ದಿನ ಮುಂಚೆ ಅಷ್ಟೆ.

ಗುಲಾಬಿಗಳು ಉಳಿದವು. ಅವುಗಳಲ್ಲಿ ತಿಗಣೆಯಿಲ್ಲ, ನುಸಿಯಿಲ್ಲ. ಎಲೆಗಳೆಲ್ಲ ಪಟ್ಟಿಯಂತಾಗಿ ಕಾಂಡ ತಿರುಚಿತ್ತು. ಇದು ಆಕ್ಸಿನ್ನಿನ ಬಳಗದ್ದೇ ಕೆಲಸವೆಂದು ಎಂಥವರಿಗೂ ತೋರುವಂತಿತ್ತು. ಆದರೆ ನಿವೇಶನವಿರುವುದು ಪೂರ್ವಕ್ಕೆ, ಗುಲಾಬಿಗಳು ಪಶ್ಚಿಮಕ್ಕೆ, ನಡುವೆ ಮನೆ. ಅಲ್ಲದೆ ಆರರಲ್ಲಿ ಐದು ಕೆಟ್ಟು ಒಂದು ಮಾತ್ರ ಮೈತುಂಬ ಹೂಬಿಟ್ಟುಕೊಂಡಿತ್ತು. ಆ ಒಂದರ ಪುಣ್ಯವೇನೆಂದು ನಮ್ಮ ಮನೆಯವರನ್ನು ಕೇಳಲಾಗಿ, “ದೇವರ ಹೂವಿಗೆ ಬೇಕೆಂದು ಅದೊಂದಕ್ಕೆ ಔಷಧ ಹೊಡೆಯಬೇಡಿರೆಂದು ಹೇಳಿರಲಿಲ್ಲವೆ?” ಎಂದರು. ಹೌದು. ಸಸ್ಯಹೇನಿಗೆಂದು ಬೇವಿನ ಎಣ್ಣೆಯನ್ನು ಸಾಬೂನಿನ ನೀರಿನಲ್ಲಿ ಕಲಸಿ ಉಳಿದ ಐದಕ್ಕೆ ನಾವೇ ಸಿಂಪಡಿಸಿದ್ದೆವು. ಬೇವಿನ ಎಣ್ಣೆ ಎಲೆಯನ್ನು ಹೀಗೆ ತಿರುಚುವುದಿಲ್ಲ. ಪಂಪು? ಆ ಪಂಪಿನಲ್ಲಿಯೇ ಏಪ್ರಿಲ್ ತಿಂಗಳಲ್ಲಿ ಮುಂದಿನ ಹುಲ್ಲುಹಾಸಿನ ಪುಲ್ಲಂಪುರಚಿ ಕಳೆಗೆಂದು ನಮ್ಮ ಮಾಲಿ 2,4-ಡಿ ಹೊಡೆದಿದ್ದನು. ಹೊಡೆಯೆಂದವರು ನಾವು. ಒಂದು ಬಾರಿ ನೀರು ಕುಲುಕಿ ಚೆಲ್ಲಿದರೆ ಸಾಕೆಂದವರೂ ನಾವೇ.

ಅನುಮಾನ ಸಾಲದೆಂದು ಪರೀಕ್ಷೆಯನ್ನೂ ಮಾಡಿದೆವು. ಇದನ್ನು ಯಾರು ಬೇಕಾದರೂ ಮಾಡಬಹುದು. ಎರಡು ಕುಂಡಗಳಲ್ಲಿ ನಾಲ್ಕು ನಾಲ್ಕು ಹುರುಳಿಕಾಯಿ ಬೀಜ ಬಿತ್ತಿ, ಮೊದಲ ಎಲೆಗಳು ಬಿಚ್ಚಿಕೊಂಡ ಮೇಲೆ ಒಂದಕ್ಕೆ ನಲ್ಲಿಯ ನೀರನ್ನೂ ಇನ್ನೊಂದಕ್ಕೆ ಪಂಪಿನಲ್ಲಿ ರಾತ್ರಿಯಿಡೀ ಇರಿಸಿದ ನೀರನ್ನೂ ಸಿಂಪಡಿಸಿದೆವು. ಎರಡನೆಯ ಕುಂಡದ ಸಸಿಗಳು ಮೂರನೆಯ ದಿನಕ್ಕೆ ಕತ್ತು ತಿರುಚಿದವು. ಬಳಿಕ ಬಂದ ಮೂರೆಲೆಗಳು ಬಟ್ಟಲಾದವು. ಮೊದಲನೆಯ ಕುಂಡ ಸುಖವಾಗಿತ್ತು. ಗೊಬ್ಬರದ ಮೇಲೆ ಅನುಮಾನವಿದ್ದರೂ ಹೀಗೆಯೇ, ಅದನ್ನು ಮಣ್ಣಿಗೆ ಬೆರೆಸಿ ಬೀಜ ಬಿತ್ತಿ ಎರಡು ಮೂರು ವಾರ ನೋಡಬಹುದು. ಪ್ರಯೋಗಶಾಲೆಯ ಪರೀಕ್ಷೆಗೆ ಹಣ ಹೆಚ್ಚು. ಯಾವ ವಿಷವನ್ನು ಹುಡುಕಬೇಕೆಂದು ಅವರಿಗೆ ನಾವೇ ಹೇಳಬೇಕಾಗುತ್ತದೆ. ಹುರುಳಿಕಾಯಿ ಹಾಗೆ ಕೇಳುವುದಿಲ್ಲ.

ಚಿಕಿತ್ಸೆಯ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ವಿಷ ತಗುಲಿದ ಪೊದೆಗೆ ಪ್ರತ್ಯೌಷಧವಿಲ್ಲ. ಗೊಬ್ಬರ ಸುರಿದು ಅವಸರಪಡಿಸದೆ, ಹದವಾಗಿ ನೀರು ಕೊಟ್ಟು ಕಾಯುವುದು. ಒಣಗಿದ್ದು ಯಾವುದೆಂದು ಸ್ಪಷ್ಟವಾದ ಮೇಲೆ ಮಾತ್ರ ಕತ್ತರಿ ಹಿಡಿಯುವುದು. ಕತ್ತರಿಸಿದ್ದನ್ನು ಗೊಬ್ಬರದ ಗುಂಡಿಗೆ ಹಾಕಕೂಡದು. ಹಿಟ್ಟು ತಿಗಣೆಯ ಮುದ್ದೆಗಳನ್ನಾದರೋ ಕೂಡಲೆ ಕತ್ತರಿಸಿ ಸುಡಬೇಕು, ಇರುವೆಯ ದಾರಿಯನ್ನು ತಪ್ಪಿಸಬೇಕು. ತಿಗಣೆಯನ್ನು ತಿನ್ನುವ ಕ್ರಿಪ್ಟೊಲೀಮಸ್ ಎಂಬ ಕಿತ್ತಲೆ ತಲೆಯ ಪುಟ್ಟ ಜೀರುಂಡೆಯನ್ನು 1898ರಲ್ಲಿ ಕಾಫಿತೋಟಗಳಿಗೆಂದು ಆಸ್ಟ್ರೇಲಿಯದಿಂದ ತಂದರು. ದಕ್ಷಿಣದಲ್ಲಿ ಅದು ನೆಲೆಯೂರಿದೆ. ಅದರ ಮರಿ ತಾನೂ ಬಿಳಿಯ ಹಿಟ್ಟು ಮೆತ್ತಿಕೊಂಡು ತಿಗಣೆಯಂತೆಯೇ ಕಾಣುವುದರಿಂದ, ನೋಡದೆ ಹೊಸಕಿಬಿಡುವವರು ಹಲವರು. ಕಳೆನಾಶಕಕ್ಕೆ ಬೇರೆಯೇ ಒಂದು ಪಂಪು ಇರಬೇಕು. 2,4-ಡಿ ಬಳಸಿದ ಪಂಪನ್ನು ಮೂರು ನಾಲ್ಕು ಬಾರಿ ತೊಳೆದು, ಅಮೋನಿಯ ಬೆರೆಸಿದ ನೀರು ತುಂಬಿ ರಾತ್ರಿಯೆಲ್ಲ ಇಟ್ಟರೂ ರಬ್ಬರಿನ ಕೊಳವೆಯಲ್ಲಿ ಅದು ಉಳಿದಿರಬಹುದು.

ನಮ್ಮ ಐದು ಗುಲಾಬಿಗಳಲ್ಲಿ ಮೂರು ಆಗಸ್ಟಿನ ಹೊತ್ತಿಗೆ ಸರಿಯಾದ ಎಲೆಯನ್ನು ಬಿಟ್ಟವು. ಎರಡು ಸತ್ತವು. ಹುರುಳಿಕಾಯಿಯ ಕುಂಡಗಳೆರಡನ್ನೂ ಎತ್ತಿಕೊಂಡು ನಾವು ಎದುರು ಮನೆಗೆ ಹೋದದ್ದು ಜೂನ್ ತಿಂಗಳ ಒಂದು ಭಾನುವಾರ. ಹೇಳಬೇಕಾದ್ದನ್ನು ಹೇಳಿದೆವು. ಆ ಹಿರಿಯರು ಬಹಳ ಹೊತ್ತು ಸಸಿಗಳನ್ನೇ ನೋಡುತ್ತಿದ್ದು, ಒಳಗಿನಿಂದ ಕಾಫಿ ತರಿಸಿ, “ನಾನು ಹೊಡೆಸಿದ್ದೂ ಒಳ್ಳೆಯ ಪದಾರ್ಥವಲ್ಲ ಬಿಡಿ, ಇನ್ನು ಮೇಲೆ ಕುಡುಗೋಲಿನಲ್ಲೇ ಕೊಯ್ಯಿಸುತ್ತೇನೆ” ಎಂದರು. ಬರುವಾಗ ಅವರ ಮೊಮ್ಮಗಳು ತಮ್ಮ ಮನೆಯ ನಂದಿಬಟ್ಟಲಿನ ಒಂದು ರೆಂಬೆಯನ್ನು ತಂದು, ಇದರ ಎಲೆಯೂ ಸುರುಳಿಕೊಂಡಿದೆ, ಏನು ರೋಗವೆಂದು ನೋಡಿ ಹೇಳಬೇಕೆಂದಳು. ಭೂತಗನ್ನಡಿ ಹಿಡಿದು ಎರಡು ಬದಿಯನ್ನೂ ನೋಡಿದೆವು. ಏನೂ ಇರಲಿಲ್ಲ. ಗಿಡದ ಬುಡವನ್ನು ಮುಟ್ಟಿ ನೋಡಿದರೆ ಮಣ್ಣು ಒಣಗಿ ಬಿರುಕುಬಿಟ್ಟಿತ್ತು. ಒಂದು ಕೊಡ ನೀರು ಹಾಕೆಂದು ಹೇಳಿ ಬಂದೆವು.